ಪಿಯಾನೊದೊಳಗಿನ ಕಲಶ

ಪಿಯಾನೊ ಕೊಳ್ಳಲು ಬಂದವರು ಮೊದಲು ಅದರ ಪಾಲಿಶ್‌ನಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ. ಮುಖ ಚೆನ್ನಾಗಿ ಕಂಡರೆ ಅರ್ಧ ವ್ಯಾಪಾರ ಮುಗಿದಂತೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದೊಂದನ್ನು ತಿಳಿದುಕೊಂಡೇ ಬರಲಿ ಎಂದು ಇಲ್ಲಿಂದ ಶುರು ಮಾಡಿದ್ದೇನೆ. ಪಿಯಾನೊದ ಒಳಗೆ ಏನಿದೆ ಎಂದು ಬಗ್ಗಿ ನೋಡಿದ ಗಿರಾಕಿಗಳು ನನ್ನ ಕೆಲಸದ ಕಾಲದಲ್ಲಿ ಬಹಳ ಕಡಿಮೆ. ಹಾಗೆ ನೋಡಿದವರಲ್ಲಿ ಒಬ್ಬರು ಒಳಗೆ ಕಲಶ ಸ್ಥಾಪನೆ ಮಾಡಿಬಿಟ್ಟರು.

ನಾನು ಕುಣಿಗಲ್ ಕಡೆಯವನು. ನಮ್ಮ ತಂದೆ ಬಡಗಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮೀಸೆ ಬಂದ ಮೇಲೆ ಚಾಮರಾಜಪೇಟೆಯ ಸಂಜೆ ಶಾಲೆಯಲ್ಲಿ ಮತ್ತೆ ಬೆಂಚಿನ ಮೇಲೆ ಕೂತು ಲೋಯರ್ ಸೆಕೆಂಡರಿ ಮುಗಿಸಿದವನು. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಟೈಪ್ ಯಂತ್ರದಲ್ಲಿ ಒಂದೊಂದೇ ಅಕ್ಷರ ಹುಡುಕಿ ಹೊಡೆಯುವವನಾದ್ದರಿಂದ ಬೇಡದ ಮಾತು ಬರೆಯಲು ನನಗೇ ಬೇಸರ.

ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ರುದ್ರಪ್ಪನವರ ಹಾರ್ಮೋನಿಯಂ ಅಂಗಡಿ ಇತ್ತು. ಅಲ್ಲಿ ನಾನು ಹಾರ್ಮೋನಿಯಂ ಪೆಟ್ಟಿಗೆಗೆ ಮರ ಹೆರೆಯುವ ಕೆಲಸಕ್ಕೆ ಸೇರಿದೆ. ಆಮೇಲೆ ತಿದಿ ಹೊಲಿಯುವುದು, ಸ್ವರದ ಪಟ್ಟಿ ಕೆರೆದು ಶ್ರುತಿ ಕೂಡಿಸುವುದು ಬಂತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಬಿಳಿಯರು ಊರಿಗೆ ಹೊರಟರು. ಹೊರಡುವಾಗ ನಾಯಿಯನ್ನೂ ಪಿಯಾನೊವನ್ನೂ ಹಡಗಿಗೆ ಹತ್ತಿಸಲಾಗದೆ ಬಿಟ್ಟು ಹೋದರು. ನಾಯಿಗಳನ್ನು ಯಾರು ತೆಗೆದುಕೊಂಡರೋ ತಿಳಿಯದು. ಪಿಯಾನೊಗಳನ್ನು ರುದ್ರಪ್ಪನವರು ಹರಾಜಿನಲ್ಲಿ ಹಿಡಿದರು.

ರುದ್ರಪ್ಪನವರ ಮನೆಯವರು ತಲೆತಲಾಂತರದಿಂದ ಬಟ್ಟೆ ವ್ಯಾಪಾರದವರು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುವಂತೆ ಪಿಯಾನೊವನ್ನೂ ಉಜ್ಜಿ ನೋಡುತ್ತಿದ್ದರು. ಆಮೇಲೆ ಹಮಾಲರನ್ನು ಕೇಳುತ್ತಿದ್ದರು.

"ಏನ್ರಪ್ಪಾ, ಭಾರ ಇದೆಯಾ?"

"ಸೊಂಟ ಬಿತ್ತು ಬುದ್ಧಿ."

"ಹಾಗಾದ್ರೆ ಮಾಲು ಗಟ್ಟಿ."

ಬಿಳಿಯರ ಮನೆಗಳಲ್ಲಿ ಪಿಯಾನೊ ಶ್ರುತಿ ಮಾಡುತ್ತಿದ್ದ ಅಂತೋಣಿ ಮೇಸ್ತ್ರಿಗಳಿಗೆ ಗಿರಾಕಿಗಳೆಲ್ಲ ಒಟ್ಟಿಗೇ ಹಡಗು ಹತ್ತಿದ್ದರಿಂದ ಕೆಲಸ ಹೋಗಿತ್ತು. ಅವರು ನಮ್ಮ ಅಂಗಡಿಗೆ ಬಂದರು. ಎಂಥ ಸೆಕೆಯಲ್ಲೂ ಕೋಟು. ಮಾತು ಕಡಿಮೆ. ಹೊಸ ಪಿಯಾನೊ ಬಂದರೆ ಮುಟ್ಟುವ ಮೊದಲು ಕೆಳಗಿನ ಬಾಗಿಲು ತೆಗೆದು ಮೂಸಿ ನೋಡುತ್ತಿದ್ದರು. ನೀವೂ ಹಾಗೆ ಮಾಡಿ. ಮುಗ್ಗಲು ವಾಸನೆ ಬಂದರೆ ತೇವ ಕುಡಿದಿದೆ, ಇಲಿಯ ವಾಸನೆ ಬಂದರೆ ಒಳಗಿನ ಉಣ್ಣೆಯ ಫೆಲ್ಟ್ ಹೋಗಿದೆ. ಆಮೇಲೆ ತಂತಿ ಸುತ್ತಿದ ಒಂದು ಬಿರಡೆಗೆ ಲಿವರ್ ಹಾಕಿ ತಿರುಗಿಸಿ.

"ಬಿರಡೆ ನಿನ್ನ ಕೈ ಹಿಡ್ಕೋಬೇಕು," ಎನ್ನುತ್ತಿದ್ದರು ಮೇಸ್ತ್ರಿಗಳು. "ಬೆಣ್ಣೆಯೊಳಗೆ ತಿರುಗಿದಂಗೆ ತಿರುಗಿದ್ರೆ, ಕಾಫಿ ಕುಡಿದು ವಾಪಸ್ ಬಂದ್ಬಿಡು. ಅದನ್ನ ದೇವರೂ ಶ್ರುತಿ ಮಾಡಕ್ಕಾಗಲ್ಲ."

ಕಾಫಿ ಕೊಡದ ಮನೆಯಲ್ಲಿ ಏನು ಮಾಡಬೇಕು ಎಂದು ಒಮ್ಮೆ ಕೇಳಿದೆ. ಅಂಥ ಮನೆಯವರು ಪಿಯಾನೊ ಕೊಳ್ಳುವುದಿಲ್ಲ ಎಂದರು. ಇದು ನಿಜವಲ್ಲ ಎಂದು ಮುಂದೆ ನನಗೆ ಗೊತ್ತಾಯಿತು.

ನಾನು ಒಬ್ಬನೇ ಹೋಗಿ ಮಾಡಿದ ಮೊದಲ ಕೆಲಸ ಮಲ್ಲೇಶ್ವರದ ಒಬ್ಬ ವಕೀಲರ ಮನೆಯಲ್ಲಿ. ನನ್ನ ಕಿವಿ ಹಾರ್ಮೋನಿಯಂ, ತಂಬೂರಿಗಳಲ್ಲಿ ಬೆಳೆದದ್ದು. ಷಡ್ಜ ಪಂಚಮ ತಂಬೂರಿಯಲ್ಲಿ ಕೂಡುವಂತೆ ಕೂಡಿಸುತ್ತಾ ಹೋದೆ. ಒಂದೊಂದು ಜೋಡಿಯೂ ಎಷ್ಟು ಚೆನ್ನಾಗಿ ಬೆರೆಯಿತೆಂದರೆ ನನಗೇ ಸಂತೋಷವಾಯಿತು. ಪೂರ್ತಿ ಮುಗಿಸಿ ನೋಡಿದರೆ ಕೊನೆಯ ಜೋಡಿ ಊಳಿಡುತ್ತಿತ್ತು. ಪಿಯಾನೊದಲ್ಲಿ ಹನ್ನೆರಡು ಸ್ವರಗಳೂ ಒಂದಕ್ಕೊಂದು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಬಾಳಬೇಕು. ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು ಕಡಿಮೆ ಇಡಬೇಕು. ನಾನು ಹನ್ನೊಂದು ಪಂಚಮಗಳನ್ನು ಸಂತೋಷಪಡಿಸಿ, ಎಲ್ಲರ ಕಷ್ಟವನ್ನೂ ಹನ್ನೆರಡನೆಯದರ ತಲೆಗೆ ಕಟ್ಟಿದ್ದೆ.

ವಕೀಲರ ಹೆಂಡತಿ ಕೇಳಿದರು. "ಈ ಕಡೆ ನುಡಿಸಿದ್ರೆ ದೇವಸ್ಥಾನ ಇದ್ದಂಗಿದೆ. ಆ ಕಡೆ ನುಡಿಸಿದ್ರೆ ಯಾರೋ ನಾಯಿ ಬಾಲ ತುಳಿದಂಗಿದೆಯಲ್ಲಪ್ಪಾ?"

"ಆ ಕಡೆ ನುಡಿಸಬೇಡಿ ತಾಯಿ," ಎಂದು ಹೇಳಿ ಬಂದೆ.

ಮರುದಿನ ಮೇಸ್ತ್ರಿಗಳು ಹೋಗಿ ಎಲ್ಲವನ್ನೂ ಸಮ ಮಾಡಿ ಬಂದರು. ನನಗೆ ಬೈಯಲಿಲ್ಲ. ಎರಡು ಸ್ವರ ಒಟ್ಟಿಗೆ ಹಿಡಿದು ನಡುವೆ ಏಳುವ ಅಲೆಯನ್ನು ಕೇಳುವುದು ಹೇಗೆ, ಆ ಅಲೆಯನ್ನು ಪೂರ್ತಿ ಅಳಿಸದೆ ನಿಧಾನ ಮಾಡುವುದು ಹೇಗೆ ಎಂದು ಕಲಿಸಿದರು. ಈಗ ಅದಕ್ಕೆ ಮುಳ್ಳು ತೋರಿಸುವ ಯಂತ್ರ ಬಂದಿದೆ. ಒಳ್ಳೆಯದೇ. ಆದರೆ ಯಂತ್ರಕ್ಕೆ ಮಳೆಗಾಲ ಯಾವಾಗ ಎಂದು ಗೊತ್ತಿರುವುದಿಲ್ಲ. ಅದನ್ನು ನಾವೇ ಗೊತ್ತು ಮಾಡಿಕೊಳ್ಳಬೇಕು. ಹೇಗೆ ಎನ್ನುವುದಕ್ಕೆ ಬಸವನಗುಡಿಯ ವಿಮಲಾ ಅವರ ಪಿಯಾನೊದ ವಿಷಯ ಬರೆಯುತ್ತೇನೆ.

ವಿಮಲಾ ತಾಯಿ ಲಲಿತಮ್ಮನವರ ಜೊತೆ ಅಂಗಡಿಗೆ ಬಂದಾಗ ಇಪ್ಪತ್ತರ ಆಸುಪಾಸಿನ ಹುಡುಗಿ. ತಂದೆ ಇದ್ದಾಗ ದಂಡಿನ ಕಾನ್ವೆಂಟಿನಲ್ಲಿ ಪಿಯಾನೊ ಕಲಿತಿದ್ದರು. ತಂದೆ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ, ತಂದೆಯ ತಾಯಿ, ಈ ಹುಡುಗಿ, ಇಷ್ಟೇ ಜನ. ಬಸವನಗುಡಿಯ ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಕಮಲಾಬಾಯಿಯವರು ಪಿಯಾನೊ ಕ್ಲಾಸು ಶುರು ಮಾಡಿ ಇವರನ್ನು ಟೀಚರ್ ಮಾಡಬೇಕೆಂದಿದ್ದರು. ಶಾಲೆಯ ಕಮಿಟಿಯವರಿಗೆ ಮನಸ್ಸಿರಲಿಲ್ಲ. ಈ ವಾದ್ಯದಲ್ಲಿ ಗಮಕ ಬರುವುದಿಲ್ಲ, ಸ್ವರ ಇದ್ದಲ್ಲೇ ಕಲ್ಲಿನಂತೆ ನಿಂತಿರುತ್ತದೆ, ಇದನ್ನು ಕಲಿತು ನಮ್ಮ ಮಕ್ಕಳು ಏನು ಮಾಡಬೇಕು ಎಂದು ಅವರ ಪ್ರಶ್ನೆ. ಕೊನೆಗೆ, ಒಂದು ಸಲ ಕೇಳಿ ನೋಡುತ್ತೇವೆ ಎಂದು ಒಪ್ಪಿದ್ದರು. ಶಾಲೆಯಲ್ಲಿ ಪಿಯಾನೊ ಇರಲಿಲ್ಲವಾದ್ದರಿಂದ ಶ್ರಾವಣದಲ್ಲಿ ಇವರ ಮನೆಗೇ ಬರುವುದೆಂದು ಗೊತ್ತಾಗಿತ್ತು. ಕೆಲಸ ಸಿಕ್ಕಿದರೆ ಬಸವನಗುಡಿಯ ಮನೆ ಉಳಿಯುತ್ತದೆ. ಸಿಗದಿದ್ದರೆ ಮೂವರೂ ಹಾಸನದ ಚಿಕ್ಕಪ್ಪನ ಮನೆಯ ಹಿಂದಿನ ಕೋಣೆಗೆ ಹೋಗಬೇಕು. ಆ ಕೋಣೆಗೆ ಪಿಯಾನೊ ಹಿಡಿಸುವುದಿಲ್ಲ. ಇದನ್ನೆಲ್ಲ ಲಲಿತಮ್ಮನವರು ಅಂಗಡಿಯ ಬೆಂಚಿನ ಮೇಲೆ ಕೂತು, ಇನ್ನೊಬ್ಬರ ಮನೆಯ ವಿಷಯ ಹೇಳುವಂತೆ ಹೇಳಿದರು.

ಅಂಗಡಿಯಲ್ಲಿ ಆಗ ಎರಡು ಪಿಯಾನೊ ಇದ್ದವು. ಒಂದಕ್ಕೆ ಕನ್ನಡಿಯಂಥ ಪಾಲಿಶ್, ಎರಡು ಕಡೆ ಹಿತ್ತಾಳೆಯ ಮೇಣದಬತ್ತಿ ಕೈಗಳು. ಇನ್ನೊಂದು ಹಳೆಯ ಅಕ್ಕಿ ಪೆಟಾರಿಯ ಹಾಗಿತ್ತು.

ರುದ್ರಪ್ಪನವರು ಮೊದಲನೆಯದನ್ನು ತೋರಿಸಿದರು. "ನೋಡಮ್ಮ, ಇದು ಹಾಲ್‌ನಲ್ಲಿ ಇದ್ರೆ ಬಂದೋರು ತಿರುಗಿ ತಿರುಗಿ ನೋಡ್ಕೊಂಡು ಹೋಗ್ತಾರೆ."

ವಿಮಲಾ ನನ್ನ ಕಡೆ ತಿರುಗಿ, "ನಾನು ಗೋಡೆ ಕಡೆ ನಿಂತ್ಕೋತೀನಿ. ನೀವು ಎರಡರಲ್ಲೂ ಒಂದೊಂದೇ ಸ್ವರ ಒತ್ತಿ. ಯಾವುದು ಯಾವುದು ಅಂತ ಹೇಳ್ಬೇಡಿ," ಎಂದರು.

ಗೋಡೆಯ ಕಡೆ ಮುಖ ಮಾಡಿ ಅವರು ನಿಂತರು. ನಾನು ಒತ್ತುತ್ತಾ ಹೋದೆ. ಕೇಳಿದ ಸ್ವರ ಪೂರ್ತಿ ಆರುವವರೆಗೂ ಅವರು ಇನ್ನೊಂದು ಒತ್ತಿ ಎಂದು ಕೈ ಎತ್ತುತ್ತಿರಲಿಲ್ಲ. ಗಲ್ಲಿಯಲ್ಲಿ ಗಾಡಿಯವನು ಕೂಗಿದರೆ ಮತ್ತೆ ಅದನ್ನೇ ಒತ್ತಿಸುತ್ತಿದ್ದರು. ಕೊನೆಗೆ ಪೆಟಾರಿಯನ್ನು ಆರಿಸಿದರು. ಅಂತೋಣಿ ಮೇಸ್ತ್ರಿಗಳು ಮೂಲೆಯಲ್ಲಿ ಕೋಟಿನ ಗುಂಡಿ ಹಾಕಿಕೊಂಡರು. ಅವರಿಗೆ ಒಪ್ಪಿಗೆಯಾದರೆ ಗುಂಡಿ ಹಾಕಿಕೊಳ್ಳುವ ಅಭ್ಯಾಸ.

"ಮುಖ ಕಾಣಲ್ವಲ್ಲಮ್ಮ ಇದರಲ್ಲಿ," ಎಂದರು ರುದ್ರಪ್ಪನವರು.

"ಮನೇಲಿ ಕನ್ನಡಿ ಇದೆ ಸಾರ್."

ಎತ್ತಿನ ಗಾಡಿಯಲ್ಲಿ ಪಿಯಾನೊ ಬಸವನಗುಡಿಗೆ ಹೋಯಿತು. ಬಾಗಿಲಲ್ಲಿ ವಿಮಲಾ ಅವರ ಅಜ್ಜಿ ನಿಂತಿದ್ದರು. ಮನೆ ಅವರ ಹೆಸರಿನಲ್ಲಿತ್ತು, ಮಾತೂ ಅವರದೇ ನಡೆಯುತ್ತಿತ್ತು. ರಾಹುಕಾಲ ಮುಗಿಯುವವರೆಗೆ ಪಿಯಾನೊ ಗಾಡಿಯ ಮೇಲೇ ಇತ್ತು. ಮುಗಿದ ಮೇಲೆ ಹಮಾಲರು ಹೆಗಲು ಕೊಟ್ಟರು.

"ಇರ್ರೋ. ಬಲಗಾಲಿಟ್ಟು ಒಳಗೆ ಬರ್ಬೇಕು. ಇದರ ಬಲಗಾಲು ಯಾವುದು?" ಎಂದರು ಅಜ್ಜಿ.

ಹಮಾಲರಲ್ಲಿ ಎರಡು ಅಭಿಪ್ರಾಯ ಬಂತು. ನುಡಿಸುವವರ ಬಲವೇ ಬಲ ಎಂದು ಒಬ್ಬ. ಅದರ ಮುಖ ನಮ್ಮ ಕಡೆ ಇರುವಾಗ ಅದರ ಬಲ ನಮ್ಮ ಎಡ ಎಂದು ಇನ್ನೊಬ್ಬ. ಇಬ್ಬರ ಹೆಗಲ ಮೇಲೂ ಪಿಯಾನೊ ಇತ್ತು.

"ಅಮ್ಮಾ, ಇದು ಬಾಗಿಲಲ್ಲಿ ಅಡ್ಡಡ್ಡಲಾಗಿ ಹಿಡಿಸಲ್ಲ," ಎಂದರು ಮೇಸ್ತ್ರಿಗಳು. "ಉದ್ದಕ್ಕೆ ಹೋಗ್ಬೇಕು. ಯಾವ ಕಡೆ ಮೊದಲು ಹೋಗತ್ತೋ ಅದೇ ಬಲ."

ಅಜ್ಜಿ ಯೋಚಿಸಿ ಒಪ್ಪಿದರು. ಆವತ್ತಿನಿಂದ ಮೇಸ್ತ್ರಿಗಳ ಮೇಲೆ ಅವರಿಗೆ ಸ್ವಲ್ಪ ನಂಬಿಕೆ ಬಂತು. ಅದೇ ನಂಬಿಕೆ ಮುಂದೆ ನಮ್ಮ ಪ್ರಾಣ ತಿಂದಿತು.

ಬೆಂಗಳೂರಿನ ಬೇಸಿಗೆಯಲ್ಲಿ ಗಾಳಿ ಒಣಗುತ್ತದೆ. ತಂತಿಗಳ ಹಿಂದೆ ಇರುವ ತೆಳು ಹಲಗೆ ಸೊರಗುತ್ತದೆ, ಶ್ರುತಿ ಇಳಿಯುತ್ತದೆ, ಹೆಚ್ಚಾದರೆ ಹಲಗೆ ಸೀಳುತ್ತದೆ. ಅದಕ್ಕೆ ಕೆಳಗಿನ ಬಾಗಿಲು ತೆಗೆದು ಒಳಗೆ ಒಂದು ಪಾತ್ರೆ ನೀರಿಡುವುದು ನಮ್ಮ ಪದ್ಧತಿ. ಯುಗಾದಿಗೆ ಮೊದಲು ಶ್ರುತಿ ಮಾಡಲು ಹೋದಾಗ ಮೇಸ್ತ್ರಿಗಳು ಅಜ್ಜಿಗೆ ಹೇಳಿದರು.

"ಅಮ್ಮಾ, ಒಂದು ಚೆಂಬು ನೀರು ಒಳಗಡೆ ಇಡಿ. ಬೇಸಿಗೇಲಿ ಇದಕ್ಕೆ ಬಾಯಾರಿಕೆ ಆಗತ್ತೆ."

ಅಜ್ಜಿ ಮೊದಲ ಸಲ ಬಗ್ಗಿ ಪಿಯಾನೊದ ಒಳಗೆ ನೋಡಿದರು. "ಬಾಯಾರಿಕೆ ಆಗತ್ತಾ?"

"ಹೌದಮ್ಮಾ."

"ಹಾಗಾದ್ರೆ ಜೀವ ಇದೆ."

ಮೇಸ್ತ್ರಿಗಳು ಅಲ್ಲಿ ಇಲ್ಲ ಎನ್ನಬೇಕಿತ್ತು. ಆದರೆ ಪಿಯಾನೊಗೆ ಜೀವವಿಲ್ಲ ಎಂದು ಅವರೂ ನಂಬಿರಲಿಲ್ಲ.

ಮುಂದಿನ ಸಲ ಹೋದಾಗ ಒಳಗೆ ಚೆಂಬು ಇತ್ತು. ಚೆಂಬಿನ ಬಾಯಲ್ಲಿ ಮಾವಿನೆಲೆ, ಅದರ ಮೇಲೆ ತೆಂಗಿನಕಾಯಿ. ಕೆಳಗಿನ ಹಲಗೆಯ ಮೇಲೆ ರಂಗೋಲಿ. ಪೆಡಲ್‌ಗಳಿಗೆ ಅರಿಸಿನ ಕುಂಕುಮ.

"ವಿಮಲಂಗೆ ಕೆಲಸ ಆಗೋವರೆಗೂ ಈ ಕಲಶ ಕದಲಿಸಲ್ಲ ಅಂತ ಸಂಕಲ್ಪ ಮಾಡಿದೀನಿ," ಎಂದರು ಅಜ್ಜಿ. ದಿನವೂ ಮಡಿಯಲ್ಲಿ ನೀರು ತುಂಬಿಸುವುದು, ದೀಪ ಮಾತ್ರ ಹೊರಗೆ. ದೀಪ ಹೊರಗಿಟ್ಟದ್ದಕ್ಕೆ ಮೇಸ್ತ್ರಿಗಳು ಅವರಿಗೆ ಕೈ ಮುಗಿದರು.

ಬೇಸಿಗೆ ಮುಗಿಯುವವರೆಗೆ ಏನೂ ತೊಂದರೆ ಇರಲಿಲ್ಲ. ಆ ವರ್ಷ ನಾವು ನೋಡುತ್ತಿದ್ದ ಪಿಯಾನೊಗಳಲ್ಲಿ ಅಷ್ಟು ಕ್ರಮವಾಗಿ ನೀರು ಸಿಕ್ಕಿದ್ದು ಅದಕ್ಕೊಂದಕ್ಕೇ. ಆಷಾಢ ಬಂತು. ಜಿಟಿಜಿಟಿ ಮಳೆ ಹಿಡಿಯಿತು. ಹೊರಗೆ ತೇವ, ಒಳಗೆ ತುಂಬಿದ ಚೆಂಬು. ಮರ ಊದಿಕೊಂಡಿತು. ಕೀಗಳನ್ನು ಒತ್ತಿದರೆ ಕೆಳಗೆ ಹೋಗುತ್ತಿದ್ದವು, ಮೇಲೆ ಬರುತ್ತಿರಲಿಲ್ಲ.

ಕೀ ಅಂಟಿಕೊಂಡರೆ ಅದನ್ನು ಹೊರತೆಗೆದು, ಅದರ ತಳದಲ್ಲಿ ಮೊಳೆ ಕೂರುವ ತೂತಿನೊಳಗೆ ಅಂಟಿಸಿರುವ ಬಟ್ಟೆಯನ್ನು ಚಪ್ಪಟೆ ಇಕ್ಕಳದಿಂದ ಹಗುರವಾಗಿ ಒತ್ತಬೇಕು. ಹೆಚ್ಚು ಒತ್ತಿದರೆ ಬೇಸಿಗೆಯಲ್ಲಿ ಲೊಡಲೊಡ ಎನ್ನುತ್ತದೆ. ಇನ್ನೂ ಹೆಚ್ಚು ಒತ್ತಿದರೆ ಮರ ಸೀಳುತ್ತದೆ. ನಾನು ಎಲ್ಲ ಕೀಗಳನ್ನೂ ಒತ್ತಿ ಸಡಿಲ ಮಾಡಿ ಬಂದೆ. ಮರುದಿನ ಎಲ್ಲವೂ ಮತ್ತೆ ಅಂಟಿಕೊಂಡವು. ಮತ್ತೆ ಹೋದೆ, ಮತ್ತೆ ಅಂಟಿಕೊಂಡವು. ಒಳಗೆ ಚೆಂಬು ಇರುವವರೆಗೆ ಇದು ಸೋರುವ ಸೂರಿನ ಕೆಳಗೆ ನೆಲ ಒರೆಸಿದ ಹಾಗೆ.

"ಅಜ್ಜೀ, ನೀರು ತೆಗೀಬೇಕಂತೆ," ಎಂದರು ವಿಮಲಾ.

"ನಿನ್ನ ಕೆಲಸಕ್ಕೇ ಕಣೇ ಅದನ್ನಿಟ್ಟಿರೋದು."

"ಅದಿದ್ರೆ ಕೆಲಸ ಆಗಲ್ವಂತೆ."

"ಯಾರು ಹೇಳಿದ್ದು?"

ವಿಮಲಾ ನನ್ನ ಕಡೆ ನೋಡಿದರು. ನಾನು ಇಕ್ಕಳದ ಕಡೆ ನೋಡಿದೆ.

"ನೋಡಪ್ಪಾ ರಂಗಪ್ಪಾ," ಎಂದರು ಅಜ್ಜಿ. "ಇಡಿ ಅಂದೋರೂ ನೀವೇ, ತೆಗೀರಿ ಅನ್ನೋರೂ ನೀವೇ. ಇಡೋವಾಗ ಬಾಯಾರಿಕೆ ಅಂದ್ರಿ. ಮಧ್ಯದಲ್ಲಿ ನೀರು ಕಿತ್ಕೊಂಡ್ರೆ ಅದರ ಶಾಪ ಯಾರಿಗೆ? ಇವಳಿಗೆ ತಾನೆ?"

ಲಲಿತಮ್ಮನವರು ಒಳಗಿನಿಂದ, "ಸ್ವಲ್ಪ ಹೊತ್ತು ಪಕ್ಕಕ್ಕಿಟ್ರೆ..." ಎಂದರು.

"ನಿನ್ನ ಗಂಡ ಹೋಗೋ ವರ್ಷ ನಾನು ಒಂದು ಸಂಕಲ್ಪ ಅರ್ಧಕ್ಕೆ ಬಿಟ್ಟಿದ್ದೆ. ಇನ್ನೊಂದು ಸಲ ಬಿಡಲ್ಲ."

ಅದಾದ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ವಿಮಲಾ ಮಾತ್ರ ಹಾಗೇ ಅಭ್ಯಾಸ ಮಾಡುತ್ತಿದ್ದರು. ಹಜಾರದಿಂದ ನಿಧಾನವಾದ ಒಂದು ಪಾಠದ ಅರ್ಧ ಸ್ವರಗಳು ಕೇಳುತ್ತಿದ್ದವು. ಉಳಿದರ್ಧ ಅವರ ತಲೆಯಲ್ಲಿ ಇರುತ್ತಿದ್ದವೆಂದು ಕಾಣುತ್ತದೆ, ಏಕೆಂದರೆ ತಾಳ ತಪ್ಪುತ್ತಿರಲಿಲ್ಲ. ಕಮಿಟಿ ಬರುವ ದಿನ ಹತ್ತಿರ ಬರುತ್ತಿತ್ತು. ಹಾಸನದ ಚಿಕ್ಕಪ್ಪನವರು ಕೋಣೆಗೆ ಸುಣ್ಣ ಹೊಡೆಸಿರುವುದಾಗಿ ಹೇಳಿ ಕಳುಹಿಸಿದ್ದರು.

ಅಂಗಡಿಯಲ್ಲಿ ರುದ್ರಪ್ಪನವರು ಕಾರಣ ಕೇಳಿದರು. ಹೇಳಿದೆ. ಅವರು, "ಮೇಣದಬತ್ತಿದು ತಗೊಂಡಿದ್ರೆ ಮೇಲೆ ದೀಪ ಹಚ್ಚಿ ಸುಮ್ಮನಾಗಿರೋರು," ಎಂದರು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನೂ ಮೇಸ್ತ್ರಿಗಳೂ ಇನ್ನೊಮ್ಮೆ ಹೋದೆವು. ಲಲಿತಮ್ಮನವರು ಹಜಾರದಲ್ಲಿ ಮೊರದ ತುಂಬ ಅಕ್ಕಿ ಆರಿಸುತ್ತಿದ್ದರು, ಹಬ್ಬದ ಕಲಶಕ್ಕೆ ತುಂಬಲು. ವಿಮಲಾ ಆ ಮೊರವನ್ನೇ ನೋಡುತ್ತಿದ್ದರು.

"ಅಜ್ಜೀ, ನಾಳೆ ಕಲಶಕ್ಕೆ ಅಕ್ಕಿ ತಾನೆ ತುಂಬೋದು?"

"ಮತ್ತಿನ್ನೇನು ತುಂಬ್ತಾರೆ?"

"ಅಕ್ಕಿ ತುಂಬಿದ್ರೂ ಅದು ಕಲಶವೇ ತಾನೆ?"

ಅಜ್ಜಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಯಿತು. "ಅದು ಲಕ್ಷ್ಮಿಗೆ. ಇದು ಬಾಯಾರಿದ್ದಕ್ಕೆ," ಎಂದು ಮೇಸ್ತ್ರಿಗಳ ಕಡೆ ಕೈ ತೋರಿಸಿದರು. "ಅವರೇ ಹೇಳಿದ್ದು."

ಎಲ್ಲರೂ ಮೇಸ್ತ್ರಿಗಳನ್ನು ನೋಡಿದೆವು. ಅವರು ಕೋಟಿನ ಗುಂಡಿ ಹಾಕಿಕೊಂಡರು.

"ಅಮ್ಮಾ, ಬಾಯಾರಿಕೆ ಬೇಸಿಗೇಲಿ," ಎಂದರು. "ಮಳೆಗಾಲದಲ್ಲಿ ಇದಕ್ಕೆ ಹಸಿವು."

ಅಜ್ಜಿ ಬಗ್ಗಿ ಪಿಯಾನೊದ ಒಳಗೆ ನೋಡಿದರು, ಕೇಳಿ ತಿಳಿದುಕೊಳ್ಳುವವರ ಹಾಗೆ.

"ಅಷ್ಟು ದಿನದಿಂದ ಹಸಿದಿದೆಯಾ?"

"ಆಷಾಢದಿಂದ ಅಮ್ಮಾ."

"ಬಾಯಿ ಬಿಟ್ಟು ಮೊದಲೇ ಹೇಳೋಕೇನಾಗಿತ್ತು ನಿಮಗೆ? ಪಾಪ, ಹಲ್ಲು ಕಚ್ಕೊಂಡು ಕೂತಿದೆ." ಅಜ್ಜಿ ಕೀಗಳನ್ನು ಹಲ್ಲು ಎನ್ನುತ್ತಿದ್ದರು.

ಆ ಕ್ಷಣವೇ ಮಡಿಯುಟ್ಟು ಬಂದು ನೀರನ್ನು ಸೌಟಿನಲ್ಲಿ ತೋಡಿ ತುಳಸಿಗೆ ಹಾಕಿ, ಚೆಂಬನ್ನು ಕದಲಿಸದೆ ಇದ್ದಲ್ಲೇ ಒರೆಸಿ, ಅದರಲ್ಲೇ ಅಕ್ಕಿ ತುಂಬಿದರು. ಕಲಶ ಅದೇ, ಸಂಕಲ್ಪ ಅದೇ, ಒಳಗಿನದು ಮಾತ್ರ ಬೇರೆ ಎಂದು ತೀರ್ಮಾನವಾಯಿತು. ಒಂದು ಚೆಂಬು ಸಾಲದು, ಹಸಿವು ಹಳೆಯದು ಎಂದು ಮೇಸ್ತ್ರಿಗಳು ಹೇಳಿದ್ದರಿಂದ ಸುತ್ತಲೂ ತಟ್ಟೆಗಳಲ್ಲಿ ಅಕ್ಕಿ ಇಟ್ಟರು. ಅಕ್ಕಿಯನ್ನು ದಿನವೂ ಒಲೆಯ ಪಕ್ಕದಲ್ಲಿ ಬೆಚ್ಚಗೆ ಒಣಗಿಸಿ ಬದಲಾಯಿಸಬೇಕೆಂದೂ ಹೇಳಿದರು. ತೆಗೆದ ಅಕ್ಕಿ ಪ್ರಸಾದವೆಂದು ಅಜ್ಜಿ ಪಾಯಸ ಮಾಡಿಸುತ್ತಿದ್ದರು. ನಾವು ಹೋದಾಗಲೆಲ್ಲ ನಮಗೂ ಕೊಡುತ್ತಿದ್ದರು. ಉಣ್ಣೆಗೆ ಹುಳ ಬೀಳದಿರಲೆಂದು ನಾವು ಪಿಯಾನೊದೊಳಗೆ ಇಟ್ಟಿದ್ದ ನ್ಯಾಫ್ತಲಿನ್ ಗುಳಿಗೆಯ ವಾಸನೆ ಸ್ವಲ್ಪ ಇರುತ್ತಿತ್ತು.

ದಾರಿಯಲ್ಲಿ ನಾನು ಕೇಳಿದೆ, "ಮೇಸ್ತ್ರಿಗಳೇ, ಅಕ್ಕಿ ನಿಜವಾಗ್ಲೂ ತೇವ ಎಳೆಯತ್ತಾ?"

"ನನ್ನ ಹೆಂಡ್ತಿ ಉಪ್ಪಿನ ಡಬ್ಬಿಗೆ ಹಾಕ್ತಾಳೆ. ಉಪ್ಪು ಒಣಗಿರತ್ತೆ. ಪಿಯಾನೊ ವಿಷಯ ಗೊತ್ತಿಲ್ಲ."

ಹೊಸದಾಗಿ ಈ ಕೆಲಸಕ್ಕೆ ಬರುವವರು ಪಿಯಾನೊದೊಳಗೆ ಅಕ್ಕಿ ಇಡಬೇಕೆಂದು ನಾನು ಹೇಳುತ್ತಿಲ್ಲ. ಇಲಿ ಬರುತ್ತದೆ. ಆ ಮನೆಯಲ್ಲಿ ದಿನವೂ ಬದಲಾಯಿಸುತ್ತಿದ್ದುದರಿಂದ, ಅಜ್ಜಿ ಹಗಲೆಲ್ಲ ಎದುರಿಗೆ ಕೂತಿರುತ್ತಿದ್ದುದರಿಂದ ಬರಲಿಲ್ಲ. ಕೆಲಸ ಅಕ್ಕಿ ಮಾಡಿತೋ, ನೀರು ಹೋದದ್ದೇ ಮಾಡಿತೋ ಹೇಳಲಾರೆ. ಕೀಗಳು ಒಂದೊಂದಾಗಿ ಮೇಲೆ ಬಂದವು. ಕಮಿಟಿ ಬರುವ ದಿನದ ಹೊತ್ತಿಗೆ ಒಂದನ್ನು ಬಿಟ್ಟು ಎಲ್ಲವೂ ಸರಿಯಾಗಿದ್ದವು.

ಆ ಒಂದು, ನಟ್ಟನಡುವಿನದು. ಮೂಲೆಯಲ್ಲಿದ್ದಿದ್ದರೆ ಮುಟ್ಟದೆ ನುಡಿಸಬಹುದಿತ್ತು. ವಿಮಲಾ ನುಡಿಸಬೇಕಾಗಿದ್ದ ಪಾಠ ಆ ಸ್ವರವನ್ನೇ ಸುತ್ತುತ್ತಿತ್ತು. ಬೆಳಿಗ್ಗೆ ಹೋಗಿ ಇಕ್ಕಳದಲ್ಲಿ ಒತ್ತಿದೆ. ಮಧ್ಯಾಹ್ನ ಮೋಡ ಕವಿದು ಕೀ ಮತ್ತೆ ಅಂಟಿಕೊಂಡಿತು. ಇನ್ನೊಮ್ಮೆ ಒತ್ತಲು ಹೋದಾಗ ಮೇಸ್ತ್ರಿಗಳು ನನ್ನ ಕೈ ಹಿಡಿದರು.

"ಸಾಕು. ಸೀಳಿದ್ರೆ ಆ ಸ್ವರ ಇವತ್ತು ಇರೋದೇ ಇಲ್ಲ."

"ಹೇಗಮ್ಮಾ ಮಾಡ್ತೀರಿ?" ಎಂದು ನಾನು ವಿಮಲಾ ಅವರನ್ನು ಕೇಳಿದೆ.

"ನುಡಿಸ್ತೀನಿ," ಎಂದರು. ಅವರ ಕೈ ತಣ್ಣಗಾಗಿದ್ದಿರಬೇಕು, ಸೆರಗಿನಲ್ಲಿ ಬೆರಳು ಉಜ್ಜಿಕೊಳ್ಳುತ್ತಿದ್ದರು.

ಕಮಿಟಿಯ ಅಧ್ಯಕ್ಷರು ನರಸಿಂಗರಾಯರು, ರಿಟೈರ್ಡ್ ಇಂಜಿನಿಯರು. ಅವರೂ ಇನ್ನಿಬ್ಬರು ಸದಸ್ಯರೂ ಕೊಡೆ ಮಡಿಸಿ ಒಳಗೆ ಬಂದರು. ಹೆಡ್‌ಮಿಸ್ಟ್ರೆಸ್ ಕಮಲಾಬಾಯಿಯವರು ಹಿಂದೆ ಬಂದರು. ನಾವಿಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ಅಜ್ಜಿ ನೆಲದ ಮೇಲೆ, ಕಲಶಕ್ಕೆ ಎದುರಾಗಿ ಕೂತರು.

"ಗಮಕ ಇಲ್ಲದ ವಾದ್ಯ," ಎಂದು ಒಬ್ಬ ಸದಸ್ಯರು ಕೂರುವ ಮೊದಲೇ ಶುರು ಮಾಡಿದರು. "ನಮ್ಮ ಸಂಗೀತಕ್ಕೆ ಇದು ಎಲ್ಲಿ ಒಗ್ಗತ್ತೆ ರಾಯರೇ?"

"ಕೇಳೋಣ, ಕೇಳೋಣ," ಎಂದರು ರಾಯರು. ಅವರ ಮುಖ ನೋಡಿದರೆ ಕಾಫಿಯವರೆಗೆ ಕಾಯುತ್ತಾರೆ ಅಷ್ಟೇ ಎನ್ನಿಸಿತು.

ವಿಮಲಾ ಶುರು ಮಾಡಿದರು. ನಡುವಿನ ಕೀ ಬಂತು. ಕೆಳಗೆ ಹೋಯಿತು. ಅಲ್ಲೇ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಮರುಕ್ಷಣವೇ ಅದೇ ಸ್ವರ ಮತ್ತೆ ಬರಬೇಕು, ಬಂದರೆ ಸದ್ದಿರುವುದಿಲ್ಲ. ಆದರೆ ಸದ್ದು ಬಂತು. ಕಣ್ಣು ಬಿಟ್ಟು ನೋಡಿದರೆ, ವಿಮಲಾ ಪ್ರತಿ ಸಲ ಆ ಕೀಯನ್ನು ಒತ್ತಿದ ಮೇಲೆ ಹೆಬ್ಬೆರಳನ್ನು ಅದರ ಮುಂದಿನ ಅಂಚಿನ ಕೆಳಗೆ ತಂದು ಮೇಲಕ್ಕೆ ಮೀಟುತ್ತಿದ್ದರು. ಕೀ ಪಟ್ಟನೆ ಏಳುತ್ತಿತ್ತು. ಕೈ ಸಣ್ಣದೊಂದು ಸುತ್ತು ಬಂದು ಮುಂದಿನ ಸ್ವರಕ್ಕೆ ಹೋಗುತ್ತಿತ್ತು. ಒಂದು ಸಲವೂ ತಾಳ ತಪ್ಪಲಿಲ್ಲ. ಆಷಾಢವೆಲ್ಲ ಅಂಟಿದ ಕೀಗಳ ಮೇಲೆ ಅಭ್ಯಾಸ ಮಾಡಿದ್ದ ಕೈ ಅದು.

ಮುಗಿಯಿತು. ರಾಯರು ಕುರ್ಚಿಯ ತುದಿಗೆ ಬಂದಿದ್ದರು.

"ನೋಡಿದ್ರೇನ್ರೀ?" ಎಂದು ಪಕ್ಕದವರನ್ನು ತಿವಿದರು. "ಗಮಕ ಇಲ್ಲ ಅಂದ್ರಲ್ಲ! ಮೀಟಿ ಮೀಟಿ ಎತ್ತಿದ್ಲಲ್ಲ, ಅದೇನು ಮತ್ತೆ?"

"ಹೌದಲ್ಲ," ಎಂದರು ಸದಸ್ಯರು. "ವೀಣೆ ಹಾಗೇ ಇತ್ತು."

"ಏನಮ್ಮಾ ಅದಕ್ಕೆ ಹೆಸರು?"

ವಿಮಲಾ ಕಮಲಾಬಾಯಿಯವರ ಕಡೆ ತಿರುಗಿದರು. ಕಮಲಾಬಾಯಿಯವರಿಗೆ ಪಿಯಾನೊ ಗೊತ್ತಿತ್ತು. ಅವರು ಕೀಯನ್ನು ನೋಡಿದರು, ವಿಮಲಾ ಅವರ ಹೆಬ್ಬೆರಳನ್ನು ನೋಡಿದರು. ಅದರ ಉಗುರಿನ ಪಕ್ಕ ಕೆಂಪಗೆ ಊದಿತ್ತು.

"ಅದು ಬಹಳ ಅಭ್ಯಾಸದಿಂದ ಬರೋದು ಸಾರ್," ಎಂದರು. "ಸುಲಭಕ್ಕೆ ಯಾರಿಗೂ ಬರಲ್ಲ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಮೇಸ್ತ್ರಿಗಳು ಕೋಟು ತಡವಿಕೊಂಡರು. ಗುಂಡಿಗಳೆಲ್ಲ ಆಗಲೇ ಹಾಕಿದ್ದವು.

ಕಾಫಿಯ ಜೊತೆ ಪಾಯಸವೂ ಬಂತು. ರಾಯರು ಎರಡು ಸಲ ಹಾಕಿಸಿಕೊಂಡು, ಮುಂದಿನ ತಿಂಗಳಿಂದ ಕ್ಲಾಸು ಶುರುವಾಗಲಿ ಎಂದರು. ಅವರು ಬಾಗಿಲು ದಾಟಿದ ಮೇಲೆ ಅಜ್ಜಿ ಮಂಗಳಾರತಿ ಎತ್ತಿ, ವಿಸರ್ಜನೆಗೆಂದು ಕಲಶವನ್ನು ಉತ್ತರಕ್ಕೆ ಬೆರಳಷ್ಟು ಸರಿಸಿದರು. ಆಮೇಲೆ ಎರಡು ಕೈಯಲ್ಲಿ ಹೊರಗೆ ತೆಗೆದು ಮೇಸ್ತ್ರಿಗಳಿಗೆ ಹೇಳಿದರು, "ಇನ್ನು ನಿಮ್ಮದು ನೀವು ನೋಡ್ಕೊಳಿ." ಲಲಿತಮ್ಮನವರು ಅಡುಗೆಮನೆಯಲ್ಲಿ ಗೋಡೆಗೆ ಹಣೆ ಕೊಟ್ಟು ನಿಂತಿದ್ದರು. ವಿಮಲಾ ಹೆಬ್ಬೆರಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡು ಕೂತಿದ್ದರು.

ಶಾಲೆಗೆ ಬೇರೆ ಪಿಯಾನೊ ಕೊಂಡರು. ಆರಿಸಿಕೊಟ್ಟವರು ವಿಮಲಾ ಅವರೇ, ಗೋಡೆಯ ಕಡೆ ತಿರುಗಿ ನಿಂತು. ಬಿರಡೆಗಳು ಗಟ್ಟಿ, ಹಲಗೆ ಗಟ್ಟಿ, ಎಂಥ ಮಳೆಗೂ ಕೀ ಅಂಟುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಒಂದು ಸಲ ಶಾಲೆಯ ವಾರ್ಷಿಕೋತ್ಸವದ ದಿನ ಶ್ರುತಿ ಮುಗಿಸಿ ಹಿಂದೆ ನಿಂತಿದ್ದೆ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ನುಡಿಸಿದರು. ಎರಡು ಜಡೆಯ ಒಂದು ಪುಟ್ಟ ಹುಡುಗಿ ನಡುವಿನ ಕೀ ಒತ್ತಿ, ಹೆಬ್ಬೆರಳಲ್ಲಿ ಮೀಟಿ ಎತ್ತಿತು. ಅದರ ನಂತರ ಬಂದವಳೂ ಹಾಗೇ ಮಾಡಿದಳು. ಎಲ್ಲರೂ ಹಾಗೇ ಮಾಡಿದರು. ಮುಂದಿನ ಸಾಲಿನಲ್ಲಿ ರಾಯರು ಪ್ರತಿ ಸಲವೂ ಪಕ್ಕದವರನ್ನು ತಿವಿಯುತ್ತಿದ್ದರು.

ಆಮೇಲೆ ವಿಮಲಾ ಅವರನ್ನು ಕೇಳಿದೆ, "ಏನಮ್ಮಾ ಇದು?"

"ನನ್ನ ಕೈಗೆ ಹತ್ತಿಬಿಟ್ಟಿದೆ ರಂಗಪ್ಪನವರೇ, ನೋಡಿ ನೋಡಿ ಅವಕ್ಕೂ ಹತ್ತಿದೆ. ಬಿಡಿಸೋಣ ಅಂತ ಒಂದು ವರ್ಷ ಪ್ರಯತ್ನ ಮಾಡ್ದೆ. ವಾರ್ಷಿಕೋತ್ಸವ ಆದ ಮೇಲೆ ರಾಯರು ಸ್ಟಾಫ್ ರೂಮಿಗೇ ಬಂದ್ರು. 'ಯಾಕಮ್ಮಾ, ಈ ವರ್ಷ ಪಾಠ ಸ್ವಲ್ಪ ಸಡಿಲ ಆಗಿದೆಯಲ್ಲ' ಅಂದ್ರು."

"ನೀವೇನಂದ್ರಿ?"

"ಮುಂದಿನ ವರ್ಷ ಸರಿ ಮಾಡ್ತೀನಿ ಸಾರ್ ಅಂದೆ."

ರಿಟೈರ್ ಆಗುವವರೆಗೂ ಆ ಪಿಯಾನೊವನ್ನು ನಾನೇ ನೋಡಿಕೊಂಡೆ. ಅಂಥ ಒಳ್ಳೆಯ ವಾದ್ಯ ನನ್ನ ಕೈಗೆ ಹೆಚ್ಚು ಬರಲಿಲ್ಲ. ರಿಪೇರಿ ಎಂದು ಇದ್ದದ್ದು ಒಂದೇ. ಹುಡುಗಿಯರು ಮೀಟಿ ಮೀಟಿ ನಡುವಿನ ಕೀಯ ಮೇಲಿನ ದಂತದ ಪಟ್ಟಿ ವರ್ಷಕ್ಕೊಮ್ಮೆ ಎದ್ದು ಬರುತ್ತಿತ್ತು. ಸರೇಸು ಕಾಯಿಸಿ ಅಂಟಿಸುತ್ತಿದ್ದೆ, ಅದು ಒಣಗುವವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿ ಬರುತ್ತಿದ್ದೆ.